ಬಯಾಪ್ಸಿ ನಾರ್ಮಲ್ ಅಂತೆ, ಆದರೆ ಅವ್ವನ ಹೊಟ್ಟೆಯಲ್ಲಿ 5 ಸೆಂ.ಮೀ. ಗಡ್ಡೆ ಇದೆ. ಮುಂದೇನು?

ಶಹಾಪುರದ ಮಗ · ಡಿಸೆಂಬರ್ 9, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರ ಹಳ್ಳಿ. ನಾನು ಕಲಬುರಗಿಯಲ್ಲಿ ಕೆಲಸ ಮಾಡುತ್ತೇನೆ. ಅವ್ವನಿಗೆ 58. ದೀಪಾವಳಿಗೆ ಊರಿಗೆ ಹೋದಾಗ ಎರಡು ಕೊಡ ನೀರು ತರುವಷ್ಟರಲ್ಲಿ ಕಟ್ಟೆ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 6.4. ಆರು ತಿಂಗಳಿಂದ ಐರನ್ ಮಾತ್ರೆ ತಿನ್ನುತ್ತಿದ್ದಳಂತೆ. ಹೆಣ್ಣುಮಕ್ಕಳಿಗೆ ರಕ್ತ ಕಮ್ಮಿ ಇರುವುದು ಸಹಜ ಅಂತ ಯಾರೋ ಹೇಳಿ ಕೊಟ್ಟಿದ್ದರು. ಮಲ ಕಪ್ಪಗೆ ಹೋಗುತ್ತಿತ್ತು. ಅದು ಮಾತ್ರೆಯಿಂದ ಅಂದುಕೊಂಡು ಸುಮ್ನೆ ಇದ್ದಳು.

ಎರಡು ಬಾಟಲಿ ರಕ್ತ ಹಾಕಿಸಿದೆವು. ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯೊಳಗೆ ಲಿಂಬೆಹಣ್ಣಿನಂತೆ ಉಬ್ಬಿಕೊಂಡ ಗಡ್ಡೆ, ಅದರ ತಲೆಯ ಮೇಲೆ ಸಣ್ಣ ಹುಣ್ಣು ಕಂಡಿತು. ನಾಲ್ಕು ತುಣುಕು ಕಿತ್ತು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂತು: ಸಾಮಾನ್ಯ ಗ್ಯಾಸ್ಟ್ರೈಟಿಸ್, ಕ್ಯಾನ್ಸರ್ ಇಲ್ಲ. ನಾವು ಸಿಹಿ ಹಂಚುವುದೊಂದು ಬಾಕಿ.

ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದೆವು. ಗಡ್ಡೆ 5.2 ಸೆಂ.ಮೀ., ಹೊಟ್ಟೆಯ ಗೋಡೆಯಿಂದ ಒಳಗೂ ಹೊರಗೂ ಬೆಳೆದಿದೆ. ಲಿವರ್ ಸರಿ ಇದೆ. ಒಬ್ಬ ಡಾಕ್ಟರು ಬಯಾಪ್ಸಿ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಇನ್ನೊಬ್ಬರು ಪೂರ್ತಿ ಹೊಟ್ಟೆ, ಅಂದರೆ ಜಠರವನ್ನೇ ತೆಗೆಯಬೇಕಾಗಬಹುದು ಅಂದರು. ಇಬ್ಬರ ಮಾತಿನ ನಡುವೆ ನನಗೆ ನಿದ್ದೆ ಇಲ್ಲ. ಕಾಕಾ ಮಾತ್ರ "ತೊಗರಿ ರಾಶಿ ಆದ ಮ್ಯಾಲ ನೋಡೋಣ ತಮ್ಮಾ" ಅನ್ನುತ್ತಾರೆ.

ಯಾರಿಗಾದರೂ ಇಂಥದ್ದು ಆಗಿದೆಯಾ?

ಬೀದರ್ ಕೋಟೆ ಹಿಂದೆ · ಡಿಸೆಂಬರ್ 9, ರಾತ್ರಿ 10.52

ಆಗಿದೆ. ನನಗೇ. ಏಳು ವರ್ಷದ ಕೆಳಗೆ. ನಾಳೆ ವಿವರವಾಗಿ ಬರೆಯುತ್ತೇನೆ. ಈಗ ಒಂದೇ ಮಾತು: ಆರು ತಿಂಗಳು ಕಾಯಬೇಡಿ, ಪೂರ್ತಿ ಹೊಟ್ಟೆ ತೆಗೆಸಲು ಸಹಿಯನ್ನೂ ಹಾಕಬೇಡಿ. ಹೊಟ್ಟೆ, ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಅಂತ ಒಂದು ಗಡ್ಡೆ ಇದೆ, ಅದೇನಾ ಅಂತ ಕೇಳಿ.

ಸ್ಲೈಡ್ ಅಕ್ಕ · ಡಿಸೆಂಬರ್ 10, ಬೆಳಿಗ್ಗೆ 7.30

ತಮ್ಮ, ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನೀಷಿಯನ್. ಹದಿನೆಂಟು ವರ್ಷದಿಂದ ತುಣುಕು ಕತ್ತರಿಸಿ ಬಣ್ಣ ಹಾಕುವುದೇ ಕೆಲಸ. ಆ ರಿಪೋರ್ಟ್ ಸುಳ್ಳಲ್ಲ. ಆದರೆ ಅದು ನಿಮ್ಮ ಅವ್ವನ ಗಡ್ಡೆಯ ರಿಪೋರ್ಟ್ ಅಲ್ಲ.

ನಮ್ಮ ಕಡೆಯ ಮನೆಯ ಶಾಬಾದಿ ಫರಸಿ ನೆಲ ನೆನಪು ಮಾಡಿಕೊಳ್ಳಿ. ಕೆಳಗೆ ಇಲಿ ಬಿಲ ತೋಡಿದೆ, ಒಂದು ಫರಸಿ ಉಬ್ಬಿದೆ. ನೀವು ಫರಸಿಯ ಮೇಲ್ಮೈಯನ್ನು ಕೆರೆದು ಪುಡಿ ತಂದು ಕೊಟ್ಟರೆ ನಾನು ಏನು ಹೇಳಲಿ? ಕಲ್ಲು ಚೆನ್ನಾಗಿದೆ ಅಂತೀನಿ. ಹೊಟ್ಟೆಯ ಗೋಡೆಗೆ ಪದರಗಳಿವೆ. ಒಳಪೊರೆ, ಅದರ ಕೆಳಗೆ ಮೆತ್ತನೆಯ ಪದರ, ಆಮೇಲೆ ಸ್ನಾಯು, ಕೊನೆಗೆ ಹೊರಗಿನ ತೆಳು ಹೊದಿಕೆ. ಎಂಡೋಸ್ಕೋಪಿಯ ಚಿಮಟ ಕೀಳುವುದು ಹೆಚ್ಚಾಗಿ ಒಳಪೊರೆಯನ್ನು ಮಾತ್ರ. ಇಂಥ ಗಡ್ಡೆ ಹುಟ್ಟುವುದು ಸ್ನಾಯುವಿನ ಪದರದಲ್ಲಿ. ಹಾಗಾಗಿ ಗಡ್ಡೆ ಕಣ್ಣಿಗೆ ಕಾಣುತ್ತಿದ್ದರೂ ಬಯಾಪ್ಸಿ ನಾರ್ಮಲ್ ಬರುವುದು ಮಾಮೂಲಿ. ತಲೆಯ ಮೇಲೆ ಹುಣ್ಣು ಇದೆ ಅಂದಿರಲ್ಲ, ಒಳಪೊರೆ ಅಲ್ಲಿ ಹರಿದು ರಕ್ತ ಸೋರುತ್ತಿರಬೇಕು.

ಇನ್ನೊಂದು ಮಾತು, ಬೈದಂತೆ ಅನ್ನಿಸಿದರೆ ಕ್ಷಮಿಸಿ. 58 ವರ್ಷ, ಮುಟ್ಟು ನಿಂತು ಎಷ್ಟೋ ವರ್ಷ ಆಗಿರುತ್ತದೆ. ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಆರು ತಿಂಗಳಲ್ಲಿ ಒಬ್ಬರೂ ಕೇಳಲಿಲ್ವಾ? ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ನಿಜ. ಆದರೆ ಅದು ಗಟ್ಟಿ ಇರುತ್ತದೆ. ಡಾಂಬರಿನಂತೆ ಅಂಟಂಟು, ಕೆಟ್ಟ ವಾಸನೆ ಇದ್ದರೆ ಅದು ರಕ್ತ.

ತೊಗರಿ ಕಣಜ · ಡಿಸೆಂಬರ್ 10, ಬೆಳಿಗ್ಗೆ 9.05

ಅಕ್ಕ, ಫರಸಿ ಕಥೆ ಸಖತ್. ಆದರೆ ಮತ್ತೆ ಸೂಜಿ ಹಾಕಿ ತುಣುಕು ತೆಗೆದರೆ ಗಡ್ಡೆ ಕೆರಳಿ ಹರಡುತ್ತದೆ ಅಂತಾರಲ್ಲ? ನಮ್ಮ ಮಾಮಾನಿಗೆ ಹಾಗೇ ಆಯಿತು. ಸೂಜಿ ಹಾಕಿದ ಮೂರೇ ತಿಂಗಳಲ್ಲಿ ಹೋದರು. ನನ್ನ ಮಾತು ಕೇಳಿದರೆ ಗಡ್ಡೆ ಮುಟ್ಟಲೇಬಾರದು.

ಡ್ಯೂಟಿ ಮುಗಿದ ಮೇಲೆ · ಡಿಸೆಂಬರ್ 10, ಮಧ್ಯಾಹ್ನ 3.40

ನಾನು ಸರ್ಜರಿ ಪಿಜಿ ವಿದ್ಯಾರ್ಥಿ. ಆಸ್ಪತ್ರೆ ಹೆಸರು ಬೇಡ. ರೋಗಿಯನ್ನು ನೋಡದೆ ಸಲಹೆ ಕೊಡುವುದು ಸರಿಯಲ್ಲ, ಆದ್ದರಿಂದ ಇದನ್ನು ನಿಮ್ಮ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು ಅಂತ ಓದಿಕೊಳ್ಳಿ.

ತೊಗರಿ ಕಣಜ ಅವರೇ, ನಿಮ್ಮ ಮಾಮಾ ಅವರ ವಿಷಯ ಕೇಳಿ ಬೇಸರವಾಯಿತು. ಅವರಿಗೆ ಯಾವ ಕ್ಯಾನ್ಸರ್ ಇತ್ತು, ಆಗಲೇ ಎಷ್ಟು ಹರಡಿತ್ತು ನಮಗೆ ಗೊತ್ತಿಲ್ಲ. ಬಹಳ ಸಲ ಸೂಜಿ ಹಾಕುವ ಹೊತ್ತಿಗೆ ರೋಗ ತಡವಾಗಿರುತ್ತದೆ, ಹೆಸರು ಸೂಜಿಗೆ ಬರುತ್ತದೆ. ಆದರೂ ನಿಮ್ಮ ಭಯ ಪೂರ್ತಿ ಹುರುಳಿಲ್ಲದ್ದಲ್ಲ. ಜಿಸ್ಟ್ ಗಡ್ಡೆ ಮೆತ್ತಗಿರುತ್ತದೆ, ಒಡೆದರೆ ಹೊಟ್ಟೆಯೊಳಗೆಲ್ಲ ಬೀಜ ಚೆಲ್ಲಿದಂತೆ ಆಗುತ್ತದೆ. ಹಾಗಾಗಿ ಹೊರಗಿನಿಂದ, ಹೊಟ್ಟೆಯ ಚರ್ಮದ ಮೂಲಕ ಸೂಜಿ ಚುಚ್ಚುವುದನ್ನು ಸಾಧ್ಯವಾದಷ್ಟು ತಪ್ಪಿಸುತ್ತಾರೆ. ಬದಲಿಗೆ ಬಾಯಿಂದಲೇ ಹೋಗಿ ಒಳಗಿನಿಂದ ಸೂಜಿ ಹಾಕುತ್ತಾರೆ. ಅದಕ್ಕೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಚಿಕ್ಕದಾಗಿ ಇಯುಎಸ್ ಅನ್ನುತ್ತಾರೆ. ಎಂಡೋಸ್ಕೋಪಿ ಕೊಳವೆಯ ತುದಿಯಲ್ಲೇ ಸ್ಕ್ಯಾನಿಂಗ್ ಇರುತ್ತದೆ. ಗಡ್ಡೆ ಗೋಡೆಯ ಯಾವ ಪದರದಿಂದ ಎದ್ದಿದೆ ಅಂತ ಅದರಲ್ಲಿ ಕಾಣುತ್ತದೆ. ಜಿಸ್ಟ್ ಆದರೆ ಸಾಮಾನ್ಯವಾಗಿ ನಾಲ್ಕನೆಯ ಪದರ, ಅಂದರೆ ಸ್ನಾಯು.

ಸೂಜಿ ಯಾವಾಗಲೂ ಬೇಕೇ ಬೇಕು ಅಂತಲೂ ಇಲ್ಲ. ಸ್ಕ್ಯಾನ್ ನೋಡಿದರೆ ಜಿಸ್ಟ್ ಅನ್ನಿಸುತ್ತಿದೆ, ಸುಲಭವಾಗಿ ತೆಗೆಯಬಹುದು, ಹೇಗಿದ್ದರೂ ತೆಗೆಯಲೇಬೇಕು ಅಂತಿದ್ದಾಗ ನೇರ ಆಪರೇಷನ್ ಮಾಡುವುದುಂಟು. ಅನುಮಾನ ಇದ್ದರೆ, ಅಥವಾ ಆಪರೇಷನ್‌ಗೆ ಮೊದಲು ಮಾತ್ರೆ ಕೊಡಬೇಕಿದ್ದರೆ, ತುಣುಕು ಬೇಕೇ ಬೇಕು.

ಯಾಕೆಂದರೆ ಗೋಡೆಯಲ್ಲಿ ಏಳುವ ಗಂಟೆಲ್ಲ ಜಿಸ್ಟ್ ಅಲ್ಲ. ನರದ ಹೊದಿಕೆಯಿಂದ ಬರುವ ಶ್ವಾನೋಮಾ, ಸ್ನಾಯುವಿನ ಲಿಯೋಮಯೋಮಾ, ಬರೀ ಕೊಬ್ಬಿನ ಗಂಟು, ದಾರಿ ತಪ್ಪಿ ಹೊಟ್ಟೆಯಲ್ಲಿ ಮನೆ ಮಾಡಿದ ಮೇದೋಜೀರಕ ಗ್ರಂಥಿಯ ತುಣುಕು, ಇವೆಲ್ಲ ಇವೆ. ಲಿಂಫೋಮಾ ಅಂತ ಬಿಳಿ ರಕ್ತಕಣದ ಕ್ಯಾನ್ಸರ್ ಇನ್ನೊಂದಿದೆ, ಅದರಲ್ಲಿ ಮಾಲ್ಟ್ ಅನ್ನುವ ಜಾತಿಯನ್ನು ನೋಡಿ ನಾನೇ ಬೆರಗಾದೆ. ಎಚ್. ಪೈಲೋರಿ ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯೋಟಿಕ್‌ನಿಂದಲೇ ಬಹಳ ಜನರಲ್ಲಿ ಕರಗಿಹೋಗುತ್ತದೆ. ಕತ್ತಿಯೇ ಬೇಡ.

ಹುಮನಾಬಾದ್ ಸೊಸೆ · ಡಿಸೆಂಬರ್ 10, ಸಂಜೆ 6.20

ನಮ್ಮ ಮಾವನವರಿಗೆ ಬೇರೆಯದೇ ಆಗಿತ್ತು, ಇಲ್ಲಿ ಹೇಳಿಬಿಡುತ್ತೇನೆ. ಅವರದು ಒಂದು ದೊಡ್ಡ ಗಡ್ಡೆ ಅಲ್ಲ. ಕಾಳುಮೆಣಸಿನ ಗಾತ್ರದ ಐದಾರು ಗುಳ್ಳೆ. ಬಯಾಪ್ಸಿಯಲ್ಲಿ ನ್ಯೂರೋಎಂಡೋಕ್ರೈನ್ ಗಡ್ಡೆ ಅಂತ ಬಂತು. ಆ ಹೆಸರು ಕೇಳಿ ಮನೆಯವರೆಲ್ಲ ಅತ್ತೆವು. ಆಮೇಲೆ ಬಿ12 ನೋಡಿದರೆ ತೀರಾ ಕಮ್ಮಿ, ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನು ವಿಪರೀತ ಜಾಸ್ತಿ. ಡಾಕ್ಟರು ಇದು ಒಂದನೇ ಟೈಪ್, ಹೊಟ್ಟೆಯ ಒಳಪೊರೆ ಸವೆದು ಆಮ್ಲ ಬತ್ತಿದಾಗ ಬರುವಂಥದ್ದು, ಬಹಳ ನಿಧಾನದ್ದು ಅಂದರು. ಎಂಡೋಸ್ಕೋಪಿಯಲ್ಲೇ ಗುಳ್ಳೆ ತೆಗೆದರು. ಬಿ12 ಇಂಜೆಕ್ಷನ್ ನಡೆಯುತ್ತಿದೆ, ವರ್ಷಕ್ಕೊಮ್ಮೆ ನೋಡುತ್ತಾರೆ. ಮಾವ ಈಗಲೂ ಬೆಳಿಗ್ಗೆ ಎರಡು ರೊಟ್ಟಿ, ಶೇಂಗಾ ಹಿಂಡಿ ತಿಂದು ಹೊಲಕ್ಕೆ ಹೋಗುತ್ತಾರೆ.

ಡ್ಯೂಟಿ ಮುಗಿದ ಮೇಲೆ · ಡಿಸೆಂಬರ್ 10, ಸಂಜೆ 6.48

ಸರಿಯಾಗಿ ಹೇಳಿದಿರಿ ಅಕ್ಕ. ಅದೇ ಹೆಸರಿನ ಮೂರನೇ ಟೈಪ್ ಇದೆ. ಗ್ಯಾಸ್ಟ್ರಿನ್ ಸರಿ ಇರುತ್ತದೆ, ಒಂಟಿ ಗಡ್ಡೆ. ಅದಕ್ಕೆ ಹೆಚ್ಚಾಗಿ ದೊಡ್ಡ ಆಪರೇಷನ್ ಬೇಕಾಗುತ್ತದೆ. ಹೆಸರು ಒಂದೇ ಅಂತ ಪಕ್ಕದ ಮನೆಯವರ ಚಿಕಿತ್ಸೆ ನಮಗೆ ಹೊಂದುವುದಿಲ್ಲ.

ಹಸಿರು ವೈದ್ಯ · ಡಿಸೆಂಬರ್ 10, ರಾತ್ರಿ 8.11

ಯಾವ ಗಡ್ಡೆಯಾದರೂ 41 ದಿನದಲ್ಲಿ ಕರಗಿಸುವ ಕಷಾಯ ನಮ್ಮಲ್ಲಿ ಇದೆ. ಆಪರೇಷನ್ ಇಲ್ಲ. ಖಾಸಗಿ ಸಂದೇಶ ಕಳಿಸಿ.

ನಿರ್ವಾಹಕ · ಡಿಸೆಂಬರ್ 10, ರಾತ್ರಿ 8.14

ಖಾತೆ ಬಂದ್ ಮಾಡಿದ್ದೇನೆ. ಮುಂದುವರಿಸಿ.

ಬೀದರ್ ಕೋಟೆ ಹಿಂದೆ · ಡಿಸೆಂಬರ್ 10, ರಾತ್ರಿ 9.30

ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ. ನನಗೆ ಆಗ 46. ಬೀದರಿನಲ್ಲಿ ಸಣ್ಣ ಅಂಗಡಿ. ಎರಡು ವರ್ಷ ಗ್ಯಾಸ್ ಅಂತ ಮಾತ್ರೆ ನುಂಗಿದೆ. ಒಂದು ದಿನ ಅಂಗಡಿಯಲ್ಲೇ ತಲೆ ತಿರುಗಿ ಬಿದ್ದೆ. ಸ್ಕ್ಯಾನ್ ಮಾಡಿದರೆ 9 ಸೆಂ.ಮೀ. ಗಡ್ಡೆ. ಒಂದು ಕಡೆ ಇದು ಹೊಟ್ಟೆಯ ಕ್ಯಾನ್ಸರ್, ಕಿಮೋ ಶುರು ಮಾಡೋಣ ಅಂದರು. ಬಯಾಪ್ಸಿಯಲ್ಲಿ ಏನೂ ಸಾಬೀತಾಗಿರಲಿಲ್ಲ. ದುಡ್ಡು ಕಟ್ಟುವುದಕ್ಕೆ ಸಾಲಿನಲ್ಲಿ ನಿಂತಿದ್ದೆ, ಭಾವ ಎಳೆದುಕೊಂಡು ಹೈದರಾಬಾದಿಗೆ ಹೋದರು. ಅಲ್ಲಿ ಇಯುಎಸ್ ಮಾಡಿ ಸೂಜಿಯಲ್ಲಿ ತುಣುಕು ತೆಗೆದರು. ಅದು ಜಿಸ್ಟ್. ಸಾಮಾನ್ಯ ಕಿಮೋ ಇದಕ್ಕೆ ನಾಟುವುದೇ ಇಲ್ಲವಂತೆ. ಹಾಕಿಸಿಕೊಂಡಿದ್ದರೆ ಕೂದಲು ಹೋಗುತ್ತಿತ್ತು, ಗಡ್ಡೆ ಹಾಗೇ ಇರುತ್ತಿತ್ತು.

ಹೊಟ್ಟೆಯ ಒಂದು ಭಾಗ ಮಾತ್ರ ತೆಗೆದರು. ಗಡ್ಡೆ ದೊಡ್ಡದು, ಆದ್ದರಿಂದ ಹೊಟ್ಟೆ ಕೊಯ್ದೇ ಮಾಡಿದರು, ರಂಧ್ರದ ಆಪರೇಷನ್ ಅಲ್ಲ. ರಿಪೋರ್ಟಿನಲ್ಲಿ ಜೀವಕೋಶಗಳು ಜಾಸ್ತಿ ವೇಗದಲ್ಲಿ ಒಂದು ಎರಡಾಗುತ್ತಿವೆ, ಮರಳಿ ಬರುವ ಅಪಾಯ ಹೆಚ್ಚು ಅಂತ ಬಂತು. ಆದ್ದರಿಂದ ಇಮಾಟಿನಿಬ್ 400 ಮಿಲಿಗ್ರಾಂ ಮಾತ್ರೆ, ದಿನಕ್ಕೊಂದು, ಮೂರು ವರ್ಷ. ಅದರ ಕಷ್ಟ ಹೇಳುತ್ತೇನೆ. ಬೆಳಿಗ್ಗೆ ಎದ್ದರೆ ಕಣ್ಣ ಕೆಳಗೆ ಊತ. ಗಿರಾಕಿಗಳು ರಾತ್ರಿ ನಿದ್ದೆ ಆಗಿಲ್ವಾ ಸೇಠ್ ಅಂತ ಕೇಳುತ್ತಿದ್ದರು. ರಾತ್ರಿ ಮೀನಖಂಡದಲ್ಲಿ ಸೆಳೆತ. ಖಾಲಿ ಹೊಟ್ಟೆಯಲ್ಲಿ ತಿಂದರೆ ವಾಂತಿ ಗ್ಯಾರಂಟಿ. ಊಟದ ನಡುವೆ, ದೊಡ್ಡ ಲೋಟ ನೀರಿನ ಜೊತೆ ನುಂಗಿದರೆ ಪರವಾಗಿಲ್ಲ. ಮೂರು ವರ್ಷ ಮುಗಿಯಿತು, ನಿಲ್ಲಿಸಿದರು. ಇಲ್ಲಿಯವರೆಗೆ ಸ್ಕ್ಯಾನ್ ಚೆನ್ನಾಗಿದೆ.

ಆಳಂದ ಚೆಕ್‌ಪೋಸ್ಟ್ · ಡಿಸೆಂಬರ್ 10, ರಾತ್ರಿ 10.02

ಮಾತ್ರೆಗೆ ಎಷ್ಟಾಯಿತು ಅಣ್ಣ? ಕ್ಯಾನ್ಸರ್ ಮಾತ್ರೆ ಅಂದರೆ ಹೊಲ ಮಾರಬೇಕು ಅಂತಾರೆ.

ಸ್ಲೈಡ್ ಅಕ್ಕ · ಡಿಸೆಂಬರ್ 10, ರಾತ್ರಿ 10.40

ಮೊದಲು ಹಾಗೇ ಇತ್ತು. ಇಮಾಟಿನಿಬ್‌ನ ಗ್ಲಿವೆಕ್ ಅನ್ನುವ ಬ್ರ್ಯಾಂಡ್ ತಿಂಗಳಿಗೆ ಲಕ್ಷಕ್ಕೂ ಮೇಲೆ ಇತ್ತು. ನಮ್ಮ ದೇಶದ ಕಂಪನಿಗಳ ಜನರಿಕ್ ಆಗ ಹತ್ತು ಸಾವಿರದ ಆಸುಪಾಸು ಇತ್ತು. ಗ್ಲಿವೆಕ್ ಮಾಡುವ ನೋವಾರ್ಟಿಸ್ ಕಂಪನಿ ಪೇಟೆಂಟ್ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟು ಕೊಡುವುದಿಲ್ಲ ಅಂದಿತು. ಅದಕ್ಕೇ ಇವತ್ತು ಅಂಗಡಿಯವರೂ ಮೂರು ವರ್ಷ ಈ ಮಾತ್ರೆ ತಿನ್ನಲು ಆಗುತ್ತಿದೆ.

ಈ ಗಡ್ಡೆಯ ಕಥೆ ನನಗೆ ಬಹಳ ಇಷ್ಟ, ಒಂದು ನಿಮಿಷ ತಡೆದುಕೊಳ್ಳಿ. ನಮ್ಮ ಕರುಳು ತನ್ನಷ್ಟಕ್ಕೆ ತಾನೇ ಅಲೆ ಅಲೆಯಾಗಿ ಆಡುತ್ತದಲ್ಲ, ಆ ತಾಳ ಹಾಕುವ ಜೀವಕೋಶಗಳಿವೆ. ಸ್ಪೇನ್ ದೇಶದ ಕಾಹಾಲ್ ಅನ್ನುವವರ ಹೆಸರು ಅವಕ್ಕೆ. 1906ರಲ್ಲಿ ನೊಬೆಲ್ ಪಡೆದವರು. ಜಿಸ್ಟ್ ಹುಟ್ಟುವುದು ಈ ತಾಳದ ಕೋಶಗಳ ಕುಲದಿಂದ. ಮೊದಲು ಇದನ್ನು ಸ್ನಾಯುವಿನ ಗಡ್ಡೆ ಅಂದುಕೊಂಡಿದ್ದರು. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಅವರ ತಂಡ ಕಿಟ್ ಅನ್ನುವ ಜೀನ್ ಕೆಟ್ಟು ಹೀಗಾಗುತ್ತದೆ ಅಂತ ತೋರಿಸಿದರು. ಗುಂಡಿ ಒತ್ತಿದಾಗ ಮಾತ್ರ ಬಾರಿಸಬೇಕಾದ ಗಂಟೆ, ಒತ್ತದಿದ್ದರೂ ಬಾರಿಸುತ್ತಲೇ ಇರುತ್ತದೆ. ಇಮಾಟಿನಿಬ್ ಆ ಗಂಟೆಯ ಬಾಯಿ ಮುಚ್ಚುತ್ತದೆ. ಅದು ರಕ್ತದ ಕ್ಯಾನ್ಸರ್‌ಗೆ ಅಂತ ಬಂದ ಔಷಧಿ. 2000ದಲ್ಲಿ ಫಿನ್‌ಲ್ಯಾಂಡಿನ ಒಬ್ಬ ಹೆಣ್ಣುಮಗಳಿಗೆ ಜಿಸ್ಟ್ ಹರಡಿ ಬೇರೆ ದಾರಿ ಇಲ್ಲದಾಗ ಕೊಟ್ಟು ನೋಡಿದರು. ಗಡ್ಡೆಗಳು ಕುಗ್ಗಿದವು.

ನಮ್ಮ ಲ್ಯಾಬ್‌ನಲ್ಲಿ ಇದನ್ನು ಹಿಡಿಯುವುದು ಬಣ್ಣದಿಂದ. ಸಿಡಿ117, ಡಾಗ್‌1 ಅಂತ ಎರಡು ಪರೀಕ್ಷೆ. ಸ್ಲೈಡ್ ಕಂದು ಬಣ್ಣಕ್ಕೆ ತಿರುಗಿದರೆ ಹೆಚ್ಚುಕಡಿಮೆ ಜಿಸ್ಟ್ ಖಾತ್ರಿ. ಶ್ವಾನೋಮಾ ಆದರೆ ಎಸ್100 ಅನ್ನುವುದು ಬಣ್ಣ ಹಿಡಿಯುತ್ತದೆ. ಇದಕ್ಕೆ ಐಎಚ್‌ಸಿ ಅಂತ ಹೆಸರು. ರಿಪೋರ್ಟಿನಲ್ಲಿ ಐಎಚ್‌ಸಿ ಇಲ್ಲದಿದ್ದರೆ ಮಾಡಿಸಿ ಅಂತ ಕೇಳಿ.

ಆಳಂದ ಚೆಕ್‌ಪೋಸ್ಟ್ · ಡಿಸೆಂಬರ್ 11, ಬೆಳಿಗ್ಗೆ 8.20

ಅಕ್ಕ ಪಾಠ ಮಾಡಿದರೆ ನಾನೂ ಪಿಯುಸಿ ಪಾಸಾಗುತ್ತಿದ್ದೆ.

ದುಡ್ಡಿನ ವಿಷಯಕ್ಕೆ ನನಗೆ ಗೊತ್ತಿದ್ದಷ್ಟು: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜಿನ 30 ಶೇಕಡಾ, ಅದೂ ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲೇ ಆದರೆ ಅಲ್ಲೇ ಆಗುತ್ತದೆ, ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಗೋಳು ತಪ್ಪುವುದಿಲ್ಲ. ನಮ್ಮ ಅತ್ತೆಗೆ ಹಾಗೇ ಆಗಿದೆ. ಹೈದರಾಬಾದ್, ಸೊಲ್ಲಾಪುರ ಬೇರೆ ರಾಜ್ಯ. ಅಲ್ಲಿ ನಮ್ಮ ಕಾರ್ಡ್ ನಡೆಯುತ್ತದಾ ಅಂತ ಆ ಆಸ್ಪತ್ರೆಯಲ್ಲಿ ಫೋನ್ ಮಾಡಿ ಕೇಳಿಯೇ ಬಸ್ ಹತ್ತಿ. ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಘಟಕ ಕಲಬುರಗಿಯಲ್ಲೇ ಇದೆ, ಮೊದಲ ಸಲಹೆಗೆ ಅಲ್ಲಿಗೂ ಹೋಗಬಹುದು.

ಕ್ಯಾನ್ಸರ್ ಅಂತ ಖಾತ್ರಿಯಾದರೆ ರೈಲಿನಲ್ಲೂ ರಿಯಾಯಿತಿ ಇದೆ. ಚಿಕಿತ್ಸೆಗೆ ಹೋಗಿಬರುವಾಗ ಸ್ಲೀಪರ್, ಥರ್ಡ್ ಎಸಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಯವರಿಗೆ 75 ಶೇಕಡಾ. ಡಾಕ್ಟರ ಹತ್ತಿರ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟ್ ಬರೆಸಿಕೊಳ್ಳಿ.

ಶಹಾಪುರದ ಮಗ · ಡಿಸೆಂಬರ್ 11, ರಾತ್ರಿ 9.50

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಳೆಯೇ ರೆಫರಲ್ ಚೀಟಿಗೆ ಹೋಗುತ್ತೇನೆ. ಪಿಜಿ ಸರ್, ಒಂದು ಪ್ರಶ್ನೆ. ಪೂರ್ತಿ ಹೊಟ್ಟೆ ತೆಗೆಯಬೇಕಾಗಬಹುದು ಅಂದರಲ್ಲ, ಅದು ತಪ್ಪಾ? ಆ ಡಾಕ್ಟರು ದೊಡ್ಡವರು, ಅನುಭವ ಇರುವವರು.

ಡ್ಯೂಟಿ ಮುಗಿದ ಮೇಲೆ · ಡಿಸೆಂಬರ್ 12, ರಾತ್ರಿ 1.15

ಸರ್ ಎಲ್ಲ ಬೇಡ, ತಮ್ಮ ಅಂದರೆ ಸಾಕು. ನಿಮಗಿಂತ ಚಿಕ್ಕವನೇ ಇರಬೇಕು.

ಸಾಮಾನ್ಯ ಹೊಟ್ಟೆಯ ಕ್ಯಾನ್ಸರ್ ಅಂತ ಮನಸ್ಸಿನಲ್ಲಿ ಇಟ್ಟುಕೊಂಡರೆ ಅವರ ಮಾತಿಗೆ ಅರ್ಥ ಇದೆ. ಆ ಕ್ಯಾನ್ಸರ್ ಒಳಪೊರೆಯಲ್ಲಿ ಹುಟ್ಟಿ ಗೋಡೆಯೊಳಗೆ ಬೇರು ಬಿಡುತ್ತಾ ಹೋಗುತ್ತದೆ. ಸುತ್ತಲಿನ ಲಿಂಫ್ ಗ್ರಂಥಿಗಳಿಗೆ ದಾಟುತ್ತದೆ. ಅದಕ್ಕೇ ದೂರದಿಂದ ಕತ್ತರಿಸಬೇಕು, ಗ್ರಂಥಿಗಳನ್ನು ಗುಡಿಸಿ ತೆಗೆಯಬೇಕು. ಜಿಸ್ಟ್‌ನ ಸ್ವಭಾವ ಬೇರೆ. ಅದು ಗೋಡೆಯನ್ನು ತಳ್ಳಿಕೊಂಡು ಚೆಂಡಿನಂತೆ ಬೆಳೆಯುತ್ತದೆ. ಗ್ರಂಥಿಗಳಿಗೆ ಹೋಗುವುದು ಬಹಳ ಅಪರೂಪ. ಹೋದರೆ ಲಿವರ್‌ಗೆ, ಇಲ್ಲವೇ ಹೊಟ್ಟೆಯ ಒಳಹೊದಿಕೆಗೆ ಹೋಗುತ್ತದೆ. ಹೀಗಾಗಿ ಗಡ್ಡೆಯ ಸುತ್ತ ಸ್ವಲ್ಪ ಚೆನ್ನಾಗಿರುವ ಗೋಡೆ ಸೇರಿಸಿ, ಕಲ್ಲಂಗಡಿಗೆ ತ್ರಿಕೋನ ಹಾಕಿ ರುಚಿ ತೋರಿಸುತ್ತಾರಲ್ಲ, ಹಾಗೆ ಒಂದು ತುಂಡು ತೆಗೆದರೆ ಸಾಕು. ವೆಡ್ಜ್ ರಿಸೆಕ್ಷನ್ ಅನ್ನುತ್ತಾರೆ. ಸ್ಟೇಪ್ಲರ್ ಯಂತ್ರ ಕತ್ತರಿಸುತ್ತಾ ಹಿಂದೆಯೇ ಹೊಲಿಯುತ್ತದೆ. ಉಳಿದ ಹೊಟ್ಟೆ ಹೊಟ್ಟೆಯಾಗಿಯೇ ಇರುತ್ತದೆ.

ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಬರುವ ಒಂದು ಜಾತಿ ಜಿಸ್ಟ್ ಇದೆ, ಎಸ್‌ಡಿಎಚ್ ಅನ್ನುವ ಕಿಣ್ವದ ಕೊರತೆಯದು. ಅದು ಗ್ರಂಥಿಗೂ ಹೋಗುತ್ತದೆ. ನಿಮ್ಮ ಅವ್ವನ ವಯಸ್ಸಿಗೆ ಅದರ ಸಾಧ್ಯತೆ ಕಮ್ಮಿ.

ಎಲ್ಲಕ್ಕಿಂತ ಮುಖ್ಯ ಗಡ್ಡೆ ಒಡೆಯಬಾರದು. ಸರ್ಜನ್ ಅದನ್ನು ಇಕ್ಕಳದಿಂದ ಹಿಡಿದು ಎಳೆಯುವುದಿಲ್ಲ, ಪಕ್ಕದ ಚೆನ್ನಾಗಿರುವ ಗೋಡೆಯನ್ನು ಹಿಡಿಯುತ್ತಾರೆ. ರಂಧ್ರದ ಆಪರೇಷನ್ ಆದರೆ ಗಡ್ಡೆಯನ್ನು ಒಳಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಸಮೇತ ಹೊರಗೆ ತರುತ್ತಾರೆ. ಒಡೆದುಹೋದರೆ ಸಣ್ಣ ಗಡ್ಡೆಯೂ ಹೆಚ್ಚು ಅಪಾಯದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಸರ್ಜನ್ ಹತ್ತಿರ ನೇರವಾಗಿ ಕೇಳಿ, ಇಂಥ ಗಡ್ಡೆ ಎಷ್ಟು ತೆಗೆದಿದ್ದೀರಿ ಅಂತ. ಕೇಳಿದ್ದಕ್ಕೆ ಸಿಟ್ಟು ಮಾಡಿದರೆ ಬೇರೆಯವರ ಹತ್ತಿರ ಹೋಗಿ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಅನ್ನನಾಳ ಬಂದು ಸೇರುವ ಬಾಯಿಯ ಹತ್ತಿರವೋ, ಹೊಟ್ಟೆ ಕರುಳಿಗೆ ತೆರೆಯುವ ಬಾಗಿಲಿನ ಹತ್ತಿರವೋ ಗಡ್ಡೆ ಇದ್ದರೆ ತುಂಡು ತೆಗೆದು ಹೊಲಿದಾಗ ದಾರಿ ಕಿರಿದಾಗುತ್ತದೆ. ಅಂಥವರಿಗೆ, ಮತ್ತೆ ತೀರಾ ದೊಡ್ಡ ಗಡ್ಡೆ ಇರುವವರಿಗೆ, ಮೊದಲು ಇಮಾಟಿನಿಬ್ ಕೊಟ್ಟು ಆರು ತಿಂಗಳಿಂದ ಒಂದು ವರ್ಷ ಕುಗ್ಗಿಸಿ ಆಮೇಲೆ ತೆಗೆಯುತ್ತಾರೆ. ಅದಕ್ಕೆ ಮುಂಚೆ ಜೀನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಡಿ842ವಿ ಅನ್ನುವ ಒಂದು ಬದಲಾವಣೆ ಇದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಸುಮ್ನೆ ತಿಂಗಳುಗಳು ಹಾಳು. ನಿಮ್ಮ ಅವ್ವನದು ಎಲ್ಲಿದೆ?

ಶಹಾಪುರದ ಮಗ · ಡಿಸೆಂಬರ್ 12, ಬೆಳಿಗ್ಗೆ 6.30

ಹೊಟ್ಟೆಯ ಮಧ್ಯ ಭಾಗ, ದೊಡ್ಡ ಬಾಗಿನ ಕಡೆ ಅಂತ ಸಿಟಿಯಲ್ಲಿ ಬರೆದಿದ್ದಾರೆ.

ಡ್ಯೂಟಿ ಮುಗಿದ ಮೇಲೆ · ಡಿಸೆಂಬರ್ 12, ಬೆಳಿಗ್ಗೆ 6.34

ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಅಣ್ಣ.

ತೊಗರಿ ಕಣಜ · ಡಿಸೆಂಬರ್ 12, ಬೆಳಿಗ್ಗೆ 10.10

ನನ್ನದೂ ಒಂದು. ಅತ್ತ ಆರು ತಿಂಗಳು ಕಾಯಿರಿ ಅಂದವರದು ತಪ್ಪೇ ಅಂತೀರಾ? ನಮ್ಮ ತಂಗಿಗೆ 1 ಸೆಂ.ಮೀ. ಗಂಟು ಇದೆ, ಕಾಯೋಣ ಅಂದಿದ್ದಾರೆ. ಈಗ ನನಗೆ ಹೆದರಿಕೆ.

ಡ್ಯೂಟಿ ಮುಗಿದ ಮೇಲೆ · ಡಿಸೆಂಬರ್ 12, ಮಧ್ಯಾಹ್ನ 2.25

ತಂಗಿಗೆ ಹೇಳಿದ್ದು ಸರಿ. 2 ಸೆಂ.ಮೀ.ಗಿಂತ ಚಿಕ್ಕದು, ತೊಂದರೆ ಕೊಡುತ್ತಿಲ್ಲ, ಇಯುಎಸ್‌ನಲ್ಲಿ ಅಂಚು ಸೊಟ್ಟಪಟ್ಟ ಇಲ್ಲ ಅಂದರೆ ಆಗಾಗ ನೋಡುತ್ತಾ ಇರಬಹುದು. 5 ಸೆಂ.ಮೀ. ಇದೆ, ರಕ್ತ ಸೋರುತ್ತಿದೆ ಅಂದಮೇಲೆ ಕಾಯುವ ಮಾತಿಲ್ಲ.

ಶಹಾಪುರದ ಮಗ · ಜನವರಿ 4, ರಾತ್ರಿ 11.00

ಇಯುಎಸ್ ಆಯಿತು. ಇಲ್ಲಿ ತಾರೀಕು ಸಿಗದೆ ಹೈದರಾಬಾದಿಗೇ ಹೋದೆವು. ಅರೆನಿದ್ದೆಯಲ್ಲಿ ಮಾಡಿದರು, ಸಂಜೆಗೆ ಬಸ್ ಹತ್ತಿದೆವು. ನಾಲ್ಕನೆಯ ಪದರ. ಐಎಚ್‌ಸಿಯಲ್ಲಿ ಸಿಡಿ117, ಡಾಗ್‌1 ಎರಡೂ ಪಾಸಿಟಿವ್. ಸ್ಲೈಡ್ ಅಕ್ಕ, ನೀವು ಹೇಳಿದ ಕಂದು ಬಣ್ಣ.

ಮನೆಯಲ್ಲಿ ದೊಡ್ಡ ಜಗಳ ಆಯಿತು. ಕ್ಯಾನ್ಸರಾ ಅಲ್ಲವಾ ಒಂದೇ ಮಾತು ಹೇಳು ಅಂತ ಕಾಕಾ. ನನಗೆ ಹೇಳಲು ಆಗಲಿಲ್ಲ. ಡಾಕ್ಟರನ್ನು ಕೇಳಿದರೆ ಇದರಲ್ಲಿ ಹೌದು ಅಲ್ಲ ಇಲ್ಲ, ಎಷ್ಟು ಅಪಾಯ ಅನ್ನುವುದಷ್ಟೇ ಇದೆ, ಅದು ಗಡ್ಡೆ ತೆಗೆದು, ಎರಡಾಗುತ್ತಿರುವ ಕೋಶ ಎಣಿಸಿದ ಮೇಲೆ ಗೊತ್ತಾಗುವುದು ಅಂದರು. ಕಾಕಾ "ಇದೆಂಥಾ ರೋಗಪ್ಪಾ, ರಾಶಿ ಆಗೋತನಕ ಎಷ್ಟು ಚೀಲ ಅಂತ ಗೊತ್ತಾಗಂಗಿಲ್ಲ ಅಂದಂಗಾತು" ಅಂದರು. ಹೌದು ಕಾಕಾ, ಹಾಗೇ ಅಂದೆ. ಆಮೇಲೆ ಅವರೇ ಒಪ್ಪಿದರು. ಕಟಾವು ಅವರೇ ನೋಡಿಕೊಳ್ಳುತ್ತಾರಂತೆ.

ಕಾರ್ಡಿನಲ್ಲೇ ಆಗುವಂತೆ ನಮ್ಮ ರಾಜ್ಯದಲ್ಲೇ ಆಪರೇಷನ್. ಈ ತಿಂಗಳ 22ಕ್ಕೆ.

ಹುಮನಾಬಾದ್ ಸೊಸೆ · ಜನವರಿ 5, ಬೆಳಿಗ್ಗೆ 8.00

ಶರಣಬಸಪ್ಪನ ಗುಡಿಗೆ ಹೋದಾಗ ನಿಮ್ಮ ಅವ್ವನ ಹೆಸರಲ್ಲೂ ಕಾಯಿ ಒಡೆಸುತ್ತೇನೆ. ಆಪರೇಷನ್‌ಗೆ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿಕೊಳ್ಳಿ.

ಶಹಾಪುರದ ಮಗ · ಜನವರಿ 29, ಸಂಜೆ 7.45

ಆಯಿತು. ನಾಲ್ಕು ರಂಧ್ರ, ಎರಡು ಗಂಟೆ. ವೆಡ್ಜ್. ಚೀಲದಲ್ಲಿ ಹಾಕಿ ತೆಗೆದೆವು, ಒಡೆದಿಲ್ಲ ಅಂತ ಸರ್ಜನ್ ತಾವಾಗಿಯೇ ಹೇಳಿದರು. ಕೇಳಬೇಕು ಅಂತ ಬರೆದುಕೊಂಡು ಹೋಗಿದ್ದೆ, ಕೇಳುವ ಕೆಲಸವೇ ಬರಲಿಲ್ಲ. ಎರಡನೇ ದಿನ ನೀರು, ಮೂರನೇ ದಿನ ಗಂಜಿ, ಐದನೇ ದಿನ ಮನೆ.

ಅವ್ವನ ತಕರಾರು ಒಂದೇ. ಇಡ್ಲಿ, ಗಂಜಿ ಮಾತ್ರ ಅಂದಿದ್ದಾರೆ. ರೊಟ್ಟಿ ಇಲ್ಲದ್ದು ಊಟಾನಾ ಅಂತ ಕೂತಿದ್ದಾಳೆ.

ಬೀದರ್ ಕೋಟೆ ಹಿಂದೆ · ಜನವರಿ 29, ರಾತ್ರಿ 8.30

ನನಗೂ ಅದೇ ಸಂಕಟ ಇತ್ತು. ಡಾಕ್ಟರು ಒಪ್ಪಿದ ಮೇಲೆ ಮೆತ್ತನೆಯ ರೊಟ್ಟಿಯನ್ನು ಬ್ಯಾಳಿಯಲ್ಲಿ ಚೆನ್ನಾಗಿ ನೆನೆಸಿ, ಸ್ವಲ್ಪ ಸ್ವಲ್ಪ ಕೊಡಿ. ದಿನಕ್ಕೆ ಐದಾರು ಸಲ. ಖಡಕ್ ರೊಟ್ಟಿ ಈಗಲೇ ಬೇಡ. ಅವರು ಕದ್ದು ತಿನ್ನುತ್ತಾರೆ, ಬುಟ್ಟಿ ಮೇಲೆ ಇಡಿ.

ಶಹಾಪುರದ ಮಗ · ಫೆಬ್ರವರಿ 11, ರಾತ್ರಿ 9.20

ರಿಪೋರ್ಟ್ ಬಂತು. ಗಡ್ಡೆ 5.5 ಸೆಂ.ಮೀ. ಅಂಚು ಸ್ವಚ್ಛ. ಒಂದು ಎರಡಾಗುತ್ತಿರುವ ಕೋಶಗಳು 5 ಚದರ ಮಿ.ಮೀ.ಗೆ 3. ಕಡಿಮೆ ಅಪಾಯ ಅಂತ ಬರೆದಿದ್ದಾರೆ. ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಸಿಟಿ ಅಂದರು. ಬೀದರ್ ಅಣ್ಣನಿಗೆ ಮೂರು ವರ್ಷ ಮಾತ್ರೆ, ಅವ್ವನಿಗೆ ಬೇಡ. ಇದು ಸರಿಯಾ? ನಾವು ಬಡವರು ಅಂತ ಬಿಟ್ಟರಾ ಅಂತ ಮನಸ್ಸಿಗೆ ಬಂತು, ಸುಳ್ಳು ಹೇಳುವುದಿಲ್ಲ.

ಡ್ಯೂಟಿ ಮುಗಿದ ಮೇಲೆ · ಫೆಬ್ರವರಿ 11, ರಾತ್ರಿ 11.50

ಸರಿ ಇದೆ ಅಣ್ಣ. ಮೂರು ಲೆಕ್ಕ ನೋಡುತ್ತಾರೆ: ಗಾತ್ರ, ಎರಡಾಗುತ್ತಿರುವ ಕೋಶಗಳ ಎಣಿಕೆ, ಜಾಗ. ಹೊಟ್ಟೆಯಲ್ಲಿ, 5ರಿಂದ 10 ಸೆಂ.ಮೀ. ಒಳಗೆ, ಎಣಿಕೆ 5 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಮುಂದೆ ಹರಡುವುದು ನೂರರಲ್ಲಿ ಮೂರು ನಾಲ್ಕು ಜನರಿಗೆ. ಅದೇ ಗಾತ್ರ, ಎಣಿಕೆ ಮಾತ್ರ 5ಕ್ಕಿಂತ ಜಾಸ್ತಿ ಆದರೆ ನೂರರಲ್ಲಿ ಸುಮಾರು 55. ಬೀದರ್ ಅಣ್ಣನದು ಆ ಗುಂಪು. ಅಂಥವರಿಗೆ ಒಂದು ವರ್ಷ ಮಾತ್ರೆ ಸಾಕೋ ಮೂರು ವರ್ಷ ಬೇಕೋ ಅಂತ ಯುರೋಪಿನಲ್ಲಿ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಐದು ವರ್ಷದ ನಂತರ ಮೂರು ವರ್ಷ ತಿಂದವರಲ್ಲಿ 92 ಶೇಕಡಾ ಬದುಕಿದ್ದರು, ಒಂದು ವರ್ಷದವರಲ್ಲಿ 82. ನಿಮ್ಮ ಅವ್ವನಿಗೆ ಕೊಟ್ಟರೆ ಲಾಭಕ್ಕಿಂತ ಕಣ್ಣಿನ ಊತವೇ ಜಾಸ್ತಿ.

ಜಾಗ ಯಾಕೆ ಅಂದರೆ, ಇದೇ ಗಾತ್ರ, ಇದೇ ಎಣಿಕೆಯ ಗಡ್ಡೆ ಸಣ್ಣ ಕರುಳಿನಲ್ಲಿ ಇದ್ದಿದ್ದರೆ ಆ ಮೂರು ನಾಲ್ಕು ಅನ್ನುವುದು 24 ಆಗುತ್ತಿತ್ತು. ಅದೇ ಕುಲ, ಬೇರೆ ಓಣಿ.

ಸಿಟಿ ಮಾತ್ರ ತಪ್ಪಿಸಬೇಡಿ. ಆರಾಮ ಇದ್ದೀನಿ ಅಂತ ಅವ್ವ ಬರುವುದಿಲ್ಲ ಅನ್ನುತ್ತಾರೆ, ನೋಡುತ್ತಿರಿ. ಐರನ್ ಮಾತ್ರೆ ಡಾಕ್ಟರು ಸಾಕು ಅನ್ನುವವರೆಗೆ ನಡೆಯಲಿ, ರಕ್ತ ಸರಿಹೋದ ಮೇಲೂ ಒಳಗಿನ ದಾಸ್ತಾನು ತುಂಬಲು ತಿಂಗಳುಗಳು ಬೇಕು.

ಸ್ಲೈಡ್ ಅಕ್ಕ · ಫೆಬ್ರವರಿ 12, ಬೆಳಿಗ್ಗೆ 7.15

ಬಹಳ ಖುಷಿಯಾಯಿತು ತಮ್ಮ. ಒಂದು ಕೆಲಸ ಬಾಕಿ. ಲ್ಯಾಬ್‌ಗೆ ಅರ್ಜಿ ಕೊಟ್ಟು ಗಡ್ಡೆಯ ತುಣುಕು ಕೂರಿಸಿದ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ. ಅವರೂ ವರ್ಷಗಟ್ಟಲೆ ಇಟ್ಟಿರುತ್ತಾರೆ, ಆದರೆ ಬೇರೆ ಊರಿನಲ್ಲಿ ಇನ್ನೊಂದು ಅಭಿಪ್ರಾಯ ಕೇಳಬೇಕು, ಜೀನ್ ಪರೀಕ್ಷೆ ಬೇಕು ಅಂದಾಗ ಬ್ಲಾಕ್ ಕೈಯಲ್ಲಿದ್ದರೆ ಅಲೆದಾಟ ತಪ್ಪುತ್ತದೆ. ರಿಪೋರ್ಟಿನ ಕಾಗದ ಹೋದರೆ ಮತ್ತೆ ಪ್ರಿಂಟ್ ಬರುತ್ತದೆ. ಬ್ಲಾಕ್ ಹೋದರೆ ಬರುವುದಿಲ್ಲ.

ಶಹಾಪುರದ ಮಗ · ಏಪ್ರಿಲ್ 18, ಮಧ್ಯಾಹ್ನ 1.30

ಹಿಮೋಗ್ಲೋಬಿನ್ 11.2. ಅವ್ವ ನಿನ್ನೆ ಎಲ್ಲರಿಗೂ ತಾನೇ ರೊಟ್ಟಿ ಬಡಿದಳು.

ಬ್ಲಾಕ್ ತಂದಿದ್ದೇನೆ ಅಕ್ಕ. ಹಳ್ಳಿಯಲ್ಲಿ ತಗಡಿನ ಮನೆ, ಬಿಸಿಲು 43 ಡಿಗ್ರಿ ಮುಟ್ಟಿದೆ. ಮೇಣ ಕರಗಿಹೋಗುತ್ತಾ?

ಸ್ಲೈಡ್ ಅಕ್ಕ · ಏಪ್ರಿಲ್ 18, ಮಧ್ಯಾಹ್ನ 2.05

ಆ ಮೇಣ ಕರಗುವುದು 55, 60 ಡಿಗ್ರಿಗೆ. ಆದರೆ ತಗಡಿನ ಕೆಳಗಿನ ಅಟ್ಟ, ಬೈಕಿನ ಡಿಕ್ಕಿ ಬೇಡ. ಎಲ್ಲಿಟ್ಟಿದ್ದೀರಿ ಈಗ?

ಶಹಾಪುರದ ಮಗ · ಏಪ್ರಿಲ್ 18, ಮಧ್ಯಾಹ್ನ 2.11

ಅವ್ವ ಇಟ್ಟಿದ್ದಾಳೆ. ಒಳಕೋಣೆಯಲ್ಲಿ, ರೇಷನ್ ಕಾರ್ಡಿನ ಜೊತೆ, ತೊಗರಿ ಡಬ್ಬಿಯ ಒಳಗೆ.

ಸ್ಲೈಡ್ ಅಕ್ಕ · ಏಪ್ರಿಲ್ 18, ಮಧ್ಯಾಹ್ನ 2.12

ನಡೆಯುತ್ತದೆ. ಡಬ್ಬಿ ಮೇಲೆ ಚೀಟಿ ಅಂಟಿಸಿ, ಯಾರಾದರೂ ಬೇಳೆ ಅಂತ ಕುದಿಸಿಯಾರು.